ದುಗ್ಗವ್ವ ನೀರಿನ ಗಡಿ ತೋರಿಸಿದ ಕಥೆ

ಒಂದಾನೊಂದು ಊರಂತೆ. ಆಗಿನ್ನೂ ಅದು ಪೇಟೆಯಾಗಿರಲಿಲ್ಲ. ಒಂದು ದೊಡ್ಡ ಕೆರೆ, ದಂಡೆಯ ಮೇಲೆ ಬೆಸ್ತರ ಹತ್ತು ಗುಡಿಸಲು, ಅದರಾಚೆ ಕುಂಬಾರರ ಹನ್ನೆರಡು ಮನೆ, ಹಿಂದೊಂದು ಬೋಳುಗುಡ್ಡ. ಇಷ್ಟೇ.

ಆ ಕುಂಬಾರಗೇರಿಯಲ್ಲಿ ದುಗ್ಗವ್ವ ಅಂತ ಒಬ್ಬ ಹೆಂಗಸಿದ್ದಳು. ಗಂಡ ತೀರಿಕೊಂಡಿದ್ದ. ಮಣ್ಣು ತರುವವಳೂ ಅವಳೇ, ತಿಗರಿ ತಿರುಗಿಸುವವಳೂ ಅವಳೇ, ಗಡಿಗೆ ಸುಡುವವಳೂ ಅವಳೇ. ಗಡಿಗೆ ಸುಡುವ ಅವಳ ಆವಿಗೆ ಮಾವನ ಅಪ್ಪ ಕಟ್ಟಿದ್ದು. ಅದನ್ನು ಕಂಡರೆ ಅವಳಿಗೆ ಹೆತ್ತ ಮಕ್ಕಳಷ್ಟು ಪ್ರೀತಿ.

ಆ ಸೀಮೆಯ ದೊರೆ ಕೆಂಚನಾಯಕ. ಅವನಿಗೆ ಹೊಸದಾಗಿ ಮದುವೆಯಾಗಿತ್ತು. ರಾಣಿ ಬಯಲುಸೀಮೆಯವಳು, ಬಾವಿಯ ತಳದಲ್ಲಿ ಬಿಟ್ಟರೆ ಬೇರೆಲ್ಲೂ ನೀರು ಕಂಡವಳಲ್ಲ. “ಕೆರೆ ಪಕ್ಕದಲ್ಲೇ ಅರಮನೆ ಆಗಬೇಕು” ಅಂದಳಂತೆ. “ಆಗಲಿ” ಅಂದ ದೊರೆ. ಕೆರೆಯಂಚಿನ ಹುಲ್ಲುಬಯಲಿನಲ್ಲಿ ಗೂಟ ಹೊಡೆಸಿದ, ಹಗ್ಗ ಎಳೆಸಿದ. ಇಲ್ಲಿ ಅರಮನೆ, ಇಲ್ಲಿ ಪೇಟೆ, ಇಲ್ಲಿ ಸಾವಿರ ಮನೆ!

ಮಣ್ಣಿಗೆ ಬಂದಿದ್ದ ದುಗ್ಗವ್ವ ಬುಟ್ಟಿ ಇಳಿಸಿ ನಿಂತಳು.

“ಬುದ್ಧೀ, ಇದು ನೀರಿನ ಜಾಗ.”

ಹಗ್ಗ ಹಿಡಿದವರು ನಕ್ಕರು. “ದನ ಮೇಯ್ತಾ ಇದಾವಲ್ಲವ್ವಾ, ನೀರೆಲ್ಲಿ?”

“ನೀರು ನೆಂಟರ ಮನೆಗೆ ಹೋಗಿದೆ. ತಿರುಗಿ ಬರ್ತದೆ.”

“ನಿನಗೆ ಹೇಗೆ ಗೊತ್ತು?” ಅಂದ ದೊರೆ.

“ಮಣ್ಣು ಅಗೆಯೋಳಿಗೆ ಮಣ್ಣು ಹೇಳ್ತದೆ ಬುದ್ಧೀ. ನನ್ನ ಮಾತು ಸುಳ್ಳಾದರೆ ಈ ಸೀಮೇನೇ ಬಿಟ್ಟು ಹೋಗ್ತೀನಿ.”

ಅಗೆದರು. ಒಂದು ಮೊಳ ಅಗೆದರು, ಹುಲ್ಲಿನ ಬೇರು. ಎರಡು ಮೊಳ ಅಗೆದರು, ಕಪ್ಪು ಜೇಡಿ. ಮೂರು ಮೊಳ ಅಗೆದರು, ಬೊಗಸೆ ಬೊಗಸೆ ಬಿಳೀ ಚಿಪ್ಪು! ಬಸವನಹುಳದ ಚಿಪ್ಪು, ಕಪ್ಪೆಚಿಪ್ಪು, ನಡುವೆ ಮೀನಿನ ಮುಳ್ಳು. ಎಂದೋ ಕೆರೆ ಇಲ್ಲಿ ಮಲಗಿ ಎದ್ದು ಹೋಗಿತ್ತು.

ಹಗ್ಗ ಹಿಡಿದವರ ನಗು ಇಂಗಿಹೋಯಿತು. “ಎಲ್ಲಿವರೆಗೆ ಇದೆ ಇದು?” ಅಂದ ದೊರೆ.

ಗುಡ್ಡದ ಕಡೆಗೆ ನೂರು ಹೆಜ್ಜೆ ನಡೆದು ಅಗೆದರು, ಚಿಪ್ಪು. ಇನ್ನೂ ನೂರು ಹೆಜ್ಜೆ, ಅಲ್ಲೂ ಚಿಪ್ಪು. ಮತ್ತೆ ನೂರು ಹೆಜ್ಜೆ ನಡೆದರೆ ಬಂದದ್ದು ಕುಂಬಾರಗೇರಿ, ದುಗ್ಗವ್ವನದೇ ಅಂಗಳ.

ತನ್ನ ಅಂಗಳವನ್ನು ಅವಳು ಯಾವತ್ತೂ ಅಗೆದು ನೋಡಿರಲಿಲ್ಲ. ಪಕ್ಕದ ಮನೆಯ ಮಾಸ್ತಕ್ಕ ಸೆರಗು ಹಿಡಿದೆಳೆದು ಕಿವಿಯಲ್ಲಿ ಅಂದಳು: “ಇಲ್ಲಿಗೆ ಸಾಕು ಅನ್ನೇ ದುಗ್ಗಿ. ನಮ್ಮ ಮನೆ ಉಳೀತಾವೆ.”

“ಇಲ್ಲೂ ಅಗೆಯಬೇಕೇನವ್ವಾ?” ಅಂದ ದೊರೆ.

ದುಗ್ಗವ್ವ ಆವಿಗೆಯನ್ನು ನೋಡಿದಳು, ಕೇರಿಯ ಮಕ್ಕಳನ್ನು ನೋಡಿದಳು.

“ಅಗೀರಿ ಬುದ್ಧೀ.”

ಮೂರು ಮೊಳಕ್ಕೆ ಚಿಪ್ಪು ಬಂತು. ಮುಂದಿನ ಗುಂಡಿ ಗುಡ್ಡದ ಬುಡದಲ್ಲಿ. ಅಲ್ಲಿ ಬರೀ ಕೆಂಪು ಗರಸು, ಒಂದು ಚಿಪ್ಪೂ ಇಲ್ಲ. “ಇದೇ ನೀರಿನ ಗಡಿ” ಅಂದಳು ದುಗ್ಗವ್ವ.

ದೊರೆ ಅರಮನೆಯನ್ನೂ ಪೇಟೆಯನ್ನೂ ಗುಡ್ಡಕ್ಕೆ ಹತ್ತಿಸಿದ. ಬೆಸ್ತರೂ ಕುಂಬಾರರೂ ಹತ್ತಬೇಕಾಯಿತು. ಮೊದಲು ತಿಗರಿ ಹೊತ್ತು ಹತ್ತಿದವಳು ದುಗ್ಗವ್ವ. ಆವಿಗೆಯನ್ನು ಹೊರುವುದಕ್ಕಾಗುತ್ತದೆಯೆ? ಅದು ಅಲ್ಲೇ ಉಳಿಯಿತು. ಕೇರಿಯವರು ಅವಳಿಗೆ ಬೆಂಕಿ ಕೊಡಲಿಲ್ಲ, ನೀರು ಕೊಡಲಿಲ್ಲ. ಮಾಸ್ತಕ್ಕ ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದಳು. ಒಂದು ವರ್ಷ ಹೋಯಿತು, ಎರಡು ವರ್ಷ ಹೋಯಿತು, ಆರು ವರ್ಷ ಹೋಯಿತು. ಕೆರೆ ಇದ್ದಲ್ಲೇ ಇತ್ತು. ಒಮ್ಮೊಮ್ಮೆ ದುಗ್ಗವ್ವನಿಗೇ ಅನ್ನಿಸುತ್ತಿತ್ತಂತೆ, ಕೆಟ್ಟೆನೇನೋ ಅಂತ.

ಏಳನೇ ವರ್ಷ ಏಳು ಹಗಲು ಮಳೆ ಹೊಯ್ಯಿತು. ಕೆರೆ ಎದ್ದಿತು. ಹುಲ್ಲುಬಯಲು ಹೋಯಿತು, ಹಳೇ ಕೇರಿ ಹೋಯಿತು, ಆವಿಗೆ ಕರಗಿ ಕೆಂಪು ನೀರಾಯಿತು. ಕೆಂಪು ಗರಸಿಗೆ ಇನ್ನೊಂದು ಗೇಣು ಇದೆ ಅನ್ನುವಾಗ ನೀರು ನಿಂತಿತು.

ಗುಡ್ಡದ ಮೇಲೆ ಸಾವಿರ ಮನೆಯವರು ನಿಂತು ನೋಡಿದರು. ಮಾಸ್ತಕ್ಕ ಬಂದು ದುಗ್ಗವ್ವನ ಪಕ್ಕದಲ್ಲಿ ಕೂತಳು, ಬಿಸಿ ಅಂಬಲಿ ಮುಂದಿಟ್ಟಳು.

“ಕುಡಿಯೇ ದುಗ್ಗಿ. ಕೂಸುಗಳೆಲ್ಲ ಮನೇಲಿ ಬೆಚ್ಚಗೆ ಮಲಗವೆ.”

ದುಗ್ಗವ್ವನಿಗೆ ಆಗ ಅಳು ಬಂತಂತೆ.

“ಏನು ಬೇಕು ಕೇಳು” ಅಂದ ದೊರೆ. “ಆ ಬಯಲನ್ನ ಯಾರಿಗೂ ಕೊಡಬೇಡಿ ಬುದ್ಧೀ” ಅಂದಳು. ದೊರೆ ನೀರಿನ ಗಡಿಗೆ ಕಲ್ಲು ನೆಡಿಸಿದ. ನೀರಿಳಿದ ಮೇಲೆ ಅಲ್ಲಿ ಜೊಂಡು ಬೆಳೆಯಿತು, ಜಾಲಿ ಬೆಳೆಯಿತು, ಎಲ್ಲಿಂದಲೋ ಹೆಜ್ಜಾರ್ಲೆಗಳು ಬಂದು ಗೂಡು ಕಟ್ಟಿದವು. ಗುಡ್ಡದ ಮೇಲೆ ಜನ, ಬಯಲಲ್ಲಿ ಹಕ್ಕಿ, ನಡುವೆ ಆ ಕಲ್ಲು.

ಅವರ ಕೆರೆ ಅವರಿಗೆ ತುಂಬಿರಲಿ, ನಮ್ಮ ಕೊಡ ನಮಗೆ ತುಂಬಿರಲಿ. ಕಥೆ ಅವರ ಪಾಲಿಗೆ, ನಿದ್ದೆ ನಮ್ಮ ಪಾಲಿಗೆ.