ಪರದೆ ಹಾಕಿಸಿಕೊಂಡ ಕರಡು ನಿಯಮ

ಆಣೆ ಮಾಡಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ನಮ್ಮ ಪುರಸಭೆಯ ಮುಖ್ಯಾಧಿಕಾರಿಗೆ ಕಚೇರಿ ಮುಂದಿನ ತಳ್ಳುಗಾಡಿಗಳನ್ನು ಕಂಡರಾಗದು. ಅವನ್ನೆಲ್ಲ ಎತ್ತಂಗಡಿ ಮಾಡಲು ಒಂದು ನಿಯಮ ಬರೆದರು. ಆದರೆ ಜಾರಿಗೆ ಮೊದಲು ಕರಡನ್ನು ಗೋಡೆಗೆ ಅಂಟಿಸಿ ಜನರ ಆಕ್ಷೇಪಣೆ ಕೇಳಬೇಕಲ್ಲ. ಜವಾನ ಓಬಳೇಶನನ್ನು ಕರೆದರು.

"ಇದನ್ನು ಅಂಟಿಸು. ಆದರೆ ಒಬ್ಬನೂ ಓದಬಾರದು, ತಿಳೀತಾ?"

ಓಬಳೇಶನ ಅಕ್ಕ ಹೊನ್ನೂರಮ್ಮನ ಟೀ ಗಾಡಿಯೂ ಅಲ್ಲೇ ನಿಲ್ಲುವುದು. ಆದರೂ "ಆಗ್ಲಿ ಸಾಹೇಬ್ರೆ" ಎಂದ.

ಕರಡನ್ನು ಹೆಬ್ಬಾಗಿಲ ಪಕ್ಕ ಅಂಟಿಸಿ, ಮೇಲೊಂದು ಪರದೆ ಇಳಿಬಿಟ್ಟ. 'ಸಾರ್ವಜನಿಕರು ಪರದೆ ಸರಿಸಿ ಓದಬಾರದು' ಎಂದು ದಪ್ಪಕ್ಷರದಲ್ಲಿ ಬರೆದ. ಸ್ಟೂಲ್ ಹಾಕಿಕೊಂಡು ಕಾವಲಿಗೂ ಕೂತ.

ಮಧ್ಯಾಹ್ನದೊಳಗೆ ಬಸ್‌ಸ್ಟ್ಯಾಂಡಿನ ತನಕ ಸಾಲು. ಮದುವೆಗೆ ಹೊರಟಿದ್ದ ದಿಬ್ಬಣವೊಂದು ವರನ ಸಮೇತ ಬಸ್ಸಿಳಿದು ಸಾಲಿಗೆ ನಿಂತಿತು. ಸಂಜೆಗೆ ಗೋಣಿಚೀಲಗಟ್ಟಲೆ ಆಕ್ಷೇಪಣೆ ಸಾಹೇಬರ ಮೇಜಿನ ಮೇಲೆ.

"ಯಾರೂ ಓದಬಾರದು ಅಂದಿದ್ದೆನಲ್ಲೋ."

"ಅದನ್ನೇ ಬರೆದು ಹಾಕಿದೀನಿ ಸಾಹೇಬ್ರೆ. ಬೆಳಗ್ಗಿಂದ ಗಂಟಲು ಹರಿಯೋ ಹಾಗೆ ಕೂಗಿ ಹೇಳ್ತಾನೂ ಇದೀನಿ. ಹೇಳಿದಷ್ಟೂ ಜನ ಜಾಸ್ತಿ ಆಗ್ತಿದಾರೆ."

ಸಾಹೇಬರು ಕರಡನ್ನು ತಾವೇ ಹರಿದುಹಾಕಿದರು. ಬೆವರು ಒರೆಸಿಕೊಂಡು ಹೊರಬಂದು, ಹೊನ್ನೂರಮ್ಮನ ಗಾಡಿಯಲ್ಲೇ ಒಂದು ಟೀ ಕುಡಿದು, ದುಡ್ಡು ಕೊಟ್ಟು ಹೋದರು.

ಆ ದುಡ್ಡು ಕೊಟ್ಟದ್ದೊಂದನ್ನು ಮಾತ್ರ ನಾನು ಸೇರಿಸಿದ್ದು.