ತಿದಿ ಒತ್ತಿದವನು

ಹೊಳೆದಂಡೆಯ ಆಶ್ರಮವೊಂದರಲ್ಲಿ ಅಡುಗೆಮನೆ ಇತ್ತು. ಆದರೆ ಪಲ್ಯ ಮಾತ್ರ ಬಯಲಲ್ಲೇ ಆಗುತ್ತಿತ್ತು.

ಅಷ್ಟು ಬೆಂಕಿಯನ್ನು ಯಾವ ಸೂರೂ ತಡೆಯುತ್ತಿರಲಿಲ್ಲ. ಒಂದು ಸಲ ತಡೆಯಲಾರದೆ ಹೊತ್ತಿಕೊಂಡದ್ದೂ ಉಂಟು. ಅಂದಿನಿಂದ ಒಲೆ ಅಂಗಳದ ಹೊಂಗೆಮರದಿಂದ ಹತ್ತು ಮಾರು ಆಚೆಗೆ, ಮರಳಿನ ಮೇಲೆ.

ಒಲೆಯೆಂದರೆ ಮೊಣಕಾಲೆತ್ತರಕ್ಕೆ ದುಂಡಗೆ ಕಟ್ಟಿದ ಕಲ್ಲು. ಒಳಗೆ ಜಾಲಿಮರದ ಇದ್ದಲು. ತಳದಲ್ಲಿ ಗಾಳಿ ಹೋಗಲು ಒಂದು ಮಣ್ಣಿನ ಕೊಳವೆ, ಅದರ ಹೊರತುದಿಗೆ ಕಮ್ಮಾರರು ಕೊಟ್ಟ, ಗಾಳಿ ಊದುವ ಹಳೆಯ ಚರ್ಮದ ತಿದಿ.

ಮೇಲೆ ಎರಡು ಕಿವಿಯ ಕಬ್ಬಿಣದ ಬಾಣಲೆ. ಎಣ್ಣೆ ಕುಡಿದು ಕುಡಿದು ಕರ್ರಗೆ ಮಿರುಗುತ್ತಿತ್ತು.

ಒಬ್ಬ ಕೂತು ತಿದಿ ಒತ್ತಬೇಕು. ಇನ್ನೊಬ್ಬ ಉದ್ದ ಹಿಡಿಯ ಸಟ್ಟುಗ ಹಿಡಿದು ಬಾಣಲೆಯ ಮುಂದೆ ನಿಂತು ಪಲ್ಯ ತಿರುವಬೇಕು.

ತಿದಿಯ ಬಳಿ ಅಡಿವೆಪ್ಪ. ಒಂಬತ್ತು ವರ್ಷದಿಂದ ಅಲ್ಲೇ.

ಬಾಣಲೆಯ ಮುಂದೆ ಕಲ್ಲಿನಾಥ. ಅವನು ಆಶ್ರಮಕ್ಕೆ ಬಂದು ಎರಡು ವರ್ಷವಾಗಿತ್ತು, ಅಷ್ಟೇ.

ಮೊದಲು ಬಾಣಲೆಯ ಮುಂದೆ ಗುರುಗಳೇ ನಿಲ್ಲುತ್ತಿದ್ದರು. ನೀಲಕಂಠಜ್ಜ ಅಂತ ಅವರ ಹೆಸರು. ವಯಸ್ಸಾಗಿ ಕೈ ನಡುಗತೊಡಗಿದಾಗ ಅವರು ಸಟ್ಟುಗವನ್ನು ಅಡಿವೆಪ್ಪನಿಗೆ ಕೊಡುತ್ತಾರೆಂದು ಎಲ್ಲರೂ ತಿಳಿದಿದ್ದರು. ಎಲ್ಲರಿಗಿಂತ ಮೊದಲು ತಿಳಿದಿದ್ದವನು ಅಡಿವೆಪ್ಪ.

ಕೊಟ್ಟದ್ದು ಆಗಷ್ಟೇ ಬಂದಿದ್ದ ಕಲ್ಲಿನಾಥನಿಗೆ.

ಉಂಡವರೆಲ್ಲ ಕೈ ತೊಳೆಯುತ್ತ ಅನ್ನುತ್ತಿದ್ದರು, "ಏನ್ ಕೈರುಚಿ ಅಂತೀನಿ ಕಲ್ಲಿನಾಥಂದು!"

ಅಡಿವೆಪ್ಪ ಬೂದಿ ಕೆದಕುತ್ತ ಕೇಳಿಸಿಕೊಳ್ಳುತ್ತಿದ್ದ. ಕೈರುಚಿಯಂತೆ ಕೈರುಚಿ. ತಿದಿರುಚಿ ಅಂತ ಲೋಕದಲ್ಲಿ ಯಾರಾದರೂ ಅಂದದ್ದುಂಟೆ?

ಕಲ್ಲಿನಾಥ ನಕ್ಕರೆ ಅವನಿಗೆ ಸೊಕ್ಕು ಅನ್ನಿಸುತ್ತಿತ್ತು. ಸುಮ್ಮನಿದ್ದರೆ ಇನ್ನೂ ದೊಡ್ಡ ಸೊಕ್ಕು ಅನ್ನಿಸುತ್ತಿತ್ತು. ಬೆಂಕಿಯ ಝಳಕ್ಕೆ ಸುಟ್ಟು ಕರಕಾದ ಕಲ್ಲಿನಾಥನ ಹುಬ್ಬನ್ನು ಕಂಡರೂ ಅವನ ಹೊಟ್ಟೆ ಉರಿಯುತ್ತಿತ್ತು. ಆ ಹುಬ್ಬು ಸುಡಬೇಕಾದದ್ದು ತನ್ನದು ಎಂಬಂತೆ.

ಒಂದು ಸಂಜೆ ಅಜ್ಜ ಇದ್ದಲು ಆರಿಸುತ್ತ ಕೂತಿದ್ದರು. ಅಡಿವೆಪ್ಪ ಬಂದು ಎದುರಿಗೆ ಕೂತ.

"ಅಜ್ಜಾರ, ಒಂದ್ ಮಾತು ಕೇಳ್ಲೇನ್ರಿ?"

"ಕೇಳು."

"ಒಂಬತ್ತು ವರ್ಷ ತಿದಿ ಒತ್ತೀನ್ರಿ. ನಿನ್ನೆ ಮೊನ್ನೆ ಬಂದಾವಗ ಬಾಣಲಿ ಕೊಟ್ರಿ. ನನ್ನ ಕೈಯಾಗ ಏನ್ ಕಡಿಮಿ ಐತ್ರಿ?"

"ಏನೂ ಕಡಿಮಿ ಇಲ್ಲ."

"ಮತ್ತ?"

ಅಜ್ಜ ಒಂದು ಇದ್ದಲನ್ನು ಇನ್ನೊಂದಕ್ಕೆ ತಟ್ಟಿದರು. ಖಣ್ಣೆಂದಿತು. ಬುಟ್ಟಿಗೆ ಹಾಕಿದರು. ಮತ್ತೊಂದನ್ನು ತಟ್ಟಿದರು. ಮಂಕಾಗಿ ಸದ್ದು ಮಾಡಿತು. ಬದಿಗಿಟ್ಟರು.

"ನಾಳೆ ಪಾದಯಾತ್ರಿ ಮಂದಿ ಬರ್ತಾರ. ಬೆಂಡಿಕಾಯಿ ಮಾಡೂದೈತಿ. ಇದ್ದಲಿ ಛಲೋ ಒಣಗಿರಬೇಕು ನೋಡು."

ಇದೂ ಒಂದು ಉತ್ತರವೇ? ಉತ್ತರ ಕೊಡುವಷ್ಟು ಬೆಲೆಯೂ ತನಗಿಲ್ಲ ಎಂದುಕೊಂಡು ಅಡಿವೆಪ್ಪ ಎದ್ದುಹೋದ.

ಬೆಂಡೆಕಾಯಿ ಬಲು ಹಟದ ತರಕಾರಿ. ಬೆಂಕಿ ಧಗಧಗ ಉರಿಯುತ್ತಿದ್ದರೆ ಗರಿಗರಿಯಾಗಿ ಬೇಯುತ್ತದೆ. ಬೆಂಕಿ ಒಂದು ಗಳಿಗೆ ಸೋತರೂ ಲೋಳೆ ಬಿಡುತ್ತದೆ. ಲೋಳೆ ಬಿಟ್ಟಮೇಲೆ ಅದನ್ನು ದೇವರೂ ಸರಿಮಾಡಲಾರ.

ಇದು ಕಲ್ಲಿನಾಥನಿಗೆ ಗೊತ್ತಿತ್ತು. ಅಡಿವೆಪ್ಪನಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು.

ಮರುದಿನ ಮಧ್ಯಾಹ್ನ ಪಾದಯಾತ್ರೆಯವರ ಮೊದಲ ಪಂಕ್ತಿ ಕೂತಿತು. ಮೂರು ದಿನ ನಡೆದು ಬಂದ ಮಂದಿ, ಕಾಲಿಗೆಲ್ಲ ಬೊಕ್ಕೆ. ಎಲೆಯ ಮೇಲೆ ಜೋಳದ ರೊಟ್ಟಿ ಬಿದ್ದಿತ್ತು. ಪಲ್ಯಕ್ಕೆ ಕಾಯುತ್ತಿದ್ದರು.

ಎಣ್ಣೆ ಕಾಯಿತು. ಸಾಸಿವೆ ಸಿಡಿಯಿತು. ಕಲ್ಲಿನಾಥ ಒಂದು ಮೊರ ಬೆಂಡೆಕಾಯಿ ಸುರಿದ.

ಉಳಿದ ದಿನ ಅವನು ಕೇಳುವ ಮೊದಲೇ ಗಾಳಿ ಬರುತ್ತಿತ್ತು. ಇವತ್ತು ಅವನು ಕೇಳಬೇಕಾಯಿತು.

"ಅಡಿವೆಪ್ಪಣ್ಣ, ಗಾಳಿ!"

"ಕೊಡಾಕತ್ತೀನಲ್ಲೋ."

ತಿದಿ ಏಳುತ್ತಿತ್ತು, ಇಳಿಯುತ್ತಿತ್ತು. ನೋಡಿದವರಿಗೆ ಏನೂ ತಪ್ಪು ಕಾಣುವಂತಿರಲಿಲ್ಲ. ಅಂಗೈಯ ಭಾರವನ್ನು ಮಾತ್ರ ಅಡಿವೆಪ್ಪ ಅರ್ಧಕ್ಕೆ ಇಳಿಸಿದ್ದ. ಕೆಂಡ ಮಸುಕಾಯಿತು.

ಕಲ್ಲಿನಾಥ ತಿರುವಿದ, ಮತ್ತೆ ತಿರುವಿದ. ಸಟ್ಟುಗ ಎತ್ತಿದರೆ ಅದರ ಹಿಂದೆ ಲೋಳೆ ನೂಲಿನಂತೆ ಎದ್ದು ಬಂತು.

ನಡೆದು ಬಂದವರು ರೊಟ್ಟಿಯನ್ನು ಚಟ್ನಿಪುಡಿಯಲ್ಲಿ ಉಂಡರು. ಪಲ್ಯ ಎಲೆಯ ಅಂಚಿನಲ್ಲೇ ಉಳಿಯಿತು.

"ಕಲ್ಲಿನಾಥನ ಕೈ ಕೆಡ್ತೇನೋ ಮಾರಾಯ," ಎಂದ ಬಡಿಸುವವನೊಬ್ಬ.

ಎರಡು ವರ್ಷದಲ್ಲಿ ಮೊದಲ ಸಲ ಅಡಿವೆಪ್ಪನ ಹೊಟ್ಟೆ ತಣ್ಣಗಾಯಿತು.

ಕಲ್ಲಿನಾಥ ಸಟ್ಟುಗ ತಂದು ಅಜ್ಜನ ಕಾಲ ಬಳಿ ಇಟ್ಟ. ಅವನ ಕಣ್ಣು ತುಂಬಿತ್ತು.

"ಹಸದ ಮಂದಿಗೆ ಲೋಳಿ ಬಡಿಸಿದೆ ಅಜ್ಜಾರ. ನನ್ನ ಕೈಯಾಗ ಏನೋ ಕೆಟ್ಟೈತ್ರಿ. ಈ ಒಲಿ ಮುಂದ ನಿಂದ್ರೂ ಯೋಗ್ಯತಿ ನನಗಿಲ್ಲ. ಊರಿಗೆ ಹೊಕ್ಕೀನಿ."

ಗಾಳಿಯ ಮಾತನ್ನು ಅವನು ಎತ್ತಲೇ ಇಲ್ಲ. ಎತ್ತಿದರೆ ಏನು ಹೇಳಬೇಕೆಂದು ಅಡಿವೆಪ್ಪ ಸಜ್ಜಾಗಿ ನಿಂತಿದ್ದ. ಹೇಳುವ ಪ್ರಸಂಗವೇ ಬರಲಿಲ್ಲ.

ಅಜ್ಜ ಅಡಿವೆಪ್ಪನ ಕಡೆ ತಿರುಗಿದರು.

"ನೀ ಏನರ ಮಾಡಿದೇನು?"

"ನಾ ಏನೂ ಮಾಡಿಲ್ರಿ."

"ಹೌದು," ಎಂದರು ಅಜ್ಜ.

ಕಲ್ಲಿನಾಥ ಅಜ್ಜನ ಕಾಲಿಗೆ ಬಿದ್ದ. ಆಮೇಲೆ ಅಡಿವೆಪ್ಪನ ಕಾಲನ್ನೂ ಮುಟ್ಟಿದ.

"ಅಣ್ಣಾ, ನನ್ನಿಂದ ಏನರ ತಪ್ಪಾಗಿದ್ರ ಹೊಟ್ಟಿಗೆ ಹಾಕ್ಕೋ."

ತನ್ನ ಗಂಟು ಎತ್ತಿಕೊಂಡು ಹೊಳೆಯ ಕಡೆ ನಡೆದ. ಹರಿಗೋಲು ಆಚೆ ದಡದಲ್ಲಿತ್ತು. ಅವನು ನೀರಿನಂಚಿಗೆ ಕೂತು ಕಾಯತೊಡಗಿದ.

ಇತ್ತ ಎರಡನೆಯ ಪಂಕ್ತಿ ಎಲೆ ಹಾಕಿಕೊಂಡು ಕೂತಿತ್ತು. ಬುಟ್ಟಿಯಲ್ಲಿ ಇನ್ನೂ ಬೆಂಡೆಕಾಯಿ ಇತ್ತು. ಅಜ್ಜ ಸಟ್ಟುಗ ಎತ್ತಿ ಅಡಿವೆಪ್ಪನ ಮುಂದೆ ಹಿಡಿದರು.

"ತಗೋ."

"ನಾನೇನ್ರಿ?"

"ನೀನ ಕೇಳಿದ್ದಿಲ್ಲೇನು?"

"ಮತ್ತ ತಿದಿಗೆ ಯಾರ್ರಿ?"

ಅಜ್ಜ ಧೋತರ ಎತ್ತಿ ಕಟ್ಟಿ, ಮಂಡಿಯ ಮೇಲೆ ಕೈಯೂರಿ, ಮೆಲ್ಲಗೆ ತಿದಿಯ ಪಕ್ಕ ಕೂತರು.

ಅಡಿವೆಪ್ಪ ಬಾಣಲೆಯ ಮುಂದೆ ನಿಂತ. ಝಳ ಮುಖಕ್ಕೆ ಬಡಿಯಿತು. ಅಲ್ಲಿ ಅಷ್ಟು ಬಿಸಿ ಇರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವನ ಹುಬ್ಬೂ ಚುರುಗುಟ್ಟಿತು.

ತಿರುವುವುದು ಬರಲಿಲ್ಲ. ನಾಲ್ಕು ಹೋಳು ಮರಳಿಗೆ ಬಿದ್ದವು, ಎಣ್ಣೆ ಮುಂಗೈಗೆ ಸಿಡಿಯಿತು. ಆದರೆ ಗಾಳಿ ಮಾತ್ರ ಅವನು ಕೇಳುವ ಮೊದಲೇ ಬಂತು. ಕೆಂಡ ಬೆಳ್ಳಗೆ ಕಾದು ಬಾಣಲೆಯ ತಳವನ್ನು ಅಪ್ಪಿಕೊಂಡಿತು. ಬೆಂಡೆಕಾಯಿ ಬಾಡಿತು, ಅಂಚು ಕೆಂಪಾಯಿತು. ಒಂದು ಎಳೆ ಲೋಳೆ ಇಲ್ಲ.

ಬಡಿಸುವವರು ಕೊಂಡೊಯ್ದರು. ಪಂಕ್ತಿಯಿಂದ ಕೂಗು ಬಂತು.

"ಇದಪಾ ಬೆಂಡಿಕಾಯಿ ಅಂದ್ರ! ಯಾರ್ದು ಕೈರುಚಿ?"

"ಅಡಿವೆಪ್ಪಂದು!" ಎಂದರು ಬಡಿಸುವವರು.

ಈ ಒಂದು ಮಾತಿಗಾಗಿ ಅವನು ಒಂಬತ್ತು ವರ್ಷ ಕಾದಿದ್ದ. ಎದೆಯುಬ್ಬಿಸಿ ಪಂಕ್ತಿಯ ಕಡೆ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

ತಿದಿಯ ಕಡೆ ಯಾರೂ ನೋಡುತ್ತಿರಲಿಲ್ಲ. ಅಲ್ಲಿ ಅಜ್ಜನ ಗಡ್ಡದ ತುಂಬ ಬೂದಿ. ಹೆಗಲು ನಡುಗುತ್ತಿತ್ತು, ಉಸಿರಿಗೊಂದು ಕೆಮ್ಮು ಬರುತ್ತಿತ್ತು. ನೀರಿಗೆಂದು ಎದ್ದ ಯಾತ್ರಿಕನೊಬ್ಬ, ಅವರು ಯಾರೆಂದು ತಿಳಿಯದೆ, "ಮುದುಕಪ್ಪಾ, ಒಂದೀಟು ಸರಿ," ಎಂದು ಕಾಲು ದಾಟಿಕೊಂಡು ಹೋದ.

ಅಜ್ಜ ಒಂದೀಟು ಸರಿದು ಕೂತರು. ತಿದಿ ನಿಲ್ಲಲಿಲ್ಲ.

ಅಡಿವೆಪ್ಪ ಪಂಕ್ತಿಯಿಂದ ಮುಖ ತಿರುಗಿಸಿದ. ಕಡೆಯ ಪಂಕ್ತಿಗೆಂದು ಉಳಿದ ಬೆಂಡೆಕಾಯಿಯನ್ನು ಬಾಣಲೆಗೆ ಸುರಿದ. ಸುರಿದವನಿಗೆ ತಿರುವಲು ಕೈ ಬರಲಿಲ್ಲ.

"ಅಜ್ಜಾರ, ಸಾಕ್ರಿ. ಬಿಡ್ರಿ."

"ಬಾಣಲಿಗೆ ಹಾಕೀದಿ. ಈಗ ಬಿಟ್ರ ಲೋಳಿ ಬಿಡತೈತಿ."

ಅಡಿವೆಪ್ಪ ತಲೆ ತಗ್ಗಿಸಿದ.

"ನಿಮಗ ಎಲ್ಲಾ ಗೊತ್ತೈತ್ರಿ."

"ನನ್ನ ಗುರುಗಳು ನನ್ನ ಇಲ್ಲೇ ಕುಂದರಿಸಿದ್ರು. ಹದಿನಾರು ವರ್ಷ ಕುಂತಿದ್ದೆ," ಎಂದರು ಅಜ್ಜ ಕೆಮ್ಮುತ್ತ. "ಬಾಣಲಿ ಯಾರಿಗರ ಕಲಿಸಬಹುದು. ಬೆಂಕಿ ತಿಳದಾಂವ ನನಗ ನೀ ಒಬ್ಬಾಂವ ಸಿಕ್ಕಿದ್ದಿ."

"ಈ ಮಾತು ಮೊದಲ ಯಾಕ ಹೇಳಲಿಲ್ರಿ?"

"ನಿನಗ ಗೊತ್ತೈತಿ ಅಂತ ತಿಳಕೊಂಡಿದ್ದೆ. ಅದು ನನ್ನ ತಪ್ಪು."

ಗುರುಗಳು ತಮ್ಮದೇ ತಪ್ಪು ಎಂದದ್ದನ್ನು ಅಡಿವೆಪ್ಪನಿಗೆ ತಾಳಲಾಗಲಿಲ್ಲ. ಸಟ್ಟುಗ ಹಿಡಿದೇ ಗಳಗಳ ಅತ್ತ.

"ಆ ಪಲ್ಲೆ ಕೆಡಿಸಿದಾಂವ ನಾನ್ರಿ. ಅವನ ಕೈ ಕೆಟ್ಟಿಲ್ರಿ, ಕೆಟ್ಟದ್ದು ನಂದು. ಹೊಟ್ಟಿಕಿಚ್ಚಿಗೆ ಗಾಳಿ ಕಡಿಮಿ ಮಾಡಿದೆ ಅಜ್ಜಾರ."

"ನನಗ್ಯಾಕ ಹೇಳತಿ?"

ಅಡಿವೆಪ್ಪ ಹೊಳೆಯ ಕಡೆ ನೋಡಿದ. ಹರಿಗೋಲು ಈಚೆ ದಡಕ್ಕೆ ಬಂದು ನಿಂತಿತ್ತು. ಕಲ್ಲಿನಾಥ ಗಂಟನ್ನು ಅಂಬಿಗನ ಕೈಗೆ ಕೊಟ್ಟು, ನೀರಿಗೆ ಕಾಲಿಟ್ಟಿದ್ದ.

ಅಡಿವೆಪ್ಪ ಎರಡು ಹೆಜ್ಜೆ ಓಡಿದ. ನಿಂತ. ಬಾಣಲೆಯ ಕಡೆ ತಿರುಗಿದ.

"ಪಲ್ಲೆ ಒಲಿ ಮ್ಯಾಲ ಐತ್ರಿ. ನಾ ಹೋದ್ರ ಹೊತ್ತತೈತಿ. ಮಂದಿ ಮತ್ತ ನನ್ನ..."

ಅಜ್ಜ ತಿದಿಯಿಂದ ಕೈ ತೆಗೆದರು.

"ಹೊತ್ತಿದ್ದು ನಾ ಉಣ್ತೀನಿ. ನೀ ಓಡು."