ಕಾಓರಿನ ಕಪ್ಪು ವೈನ್

ನದಿಯ ದಡದಲ್ಲಿ ಪಾದ್ರಿಗಳ ಪುಟ್ಟ ಆಶ್ರಮವೊಂದಿತ್ತು. ಅಲ್ಲಿ ಫಾದರ್ ಲಿಗೋರಿ ಗುರು. ಅಡುಗೆಮನೆಯ ಸೆವ್ರಿನ್ ಅವರ ಶಿಷ್ಯ.

ಫಾದರ್ ಯೌವನದಲ್ಲಿ ಹತ್ತು ವರ್ಷ ಫ್ರಾನ್ಸಿನ ಮಠವೊಂದರಲ್ಲಿ ದ್ರಾಕ್ಷಿ ಬಳ್ಳಿ ಸವರಿದವರು. ಅಲ್ಲಿ ಅವರಿಗೆ ಕಲಿಸಿದ್ದ ವೃದ್ಧ ಸನ್ಯಾಸಿ ಆ ದಿನ ಸಂಜೆಯ ಊಟಕ್ಕೆ ಬರುವವರಿದ್ದರು. ಹಿಂದಿನ ವರ್ಷ ಅವರೇ ಕಳುಹಿಸಿದ್ದ, ಫ್ರಾನ್ಸಿನ ಕಾಓರ್ ಸೀಮೆಯ ಕೆಂಪು ವೈನ್ ಒಂದೇ ಒಂದು ಬಾಟಲಿ ಇತ್ತು. ಕೆಂಪು ಎನ್ನುವುದು ಹೆಸರಿಗೆ ಮಾತ್ರ. ಗ್ಲಾಸಿನಲ್ಲಿ ಅದು ಮಸಿಯಷ್ಟು ಕಪ್ಪು.

"ಎರಡು ಗಂಟೆಗೆ ಬಿರಡೆ ತೆಗೆ, ಗಾಳಿಯಾಡಲಿ. ಒಂದು ಗುಟುಕು ರುಚಿ ನೋಡು," ಎಂದಿದ್ದರು ಫಾದರ್. "ಹಂದಿಮಾಂಸಕ್ಕೆ ಮೆಣಸಿನಕಾಯಿ ಹಾಕಬೇಡ. ಕೊಬ್ಬು ತೆಗೆಯಬೇಡ."

ಮೆಣಸಿನಕಾಯಿ ಇಲ್ಲದ ಹಂದಿಮಾಂಸ! ಸೆವ್ರಿನ್‌ಗೆ ಅದು ರೋಗಿಯ ಪಥ್ಯದಂತೆ ಕಂಡಿತು. ಆದರೂ ಹೇಳಿದಂತೆಯೇ ಮಾಡಿದ. ಕಾಳುಮೆಣಸು, ಬೆಳ್ಳುಳ್ಳಿ, ಸಣ್ಣ ಉರಿ.

ತನಗೆ ಮಾತ್ರ ಎರಡು ಬಂಗುಡೆ ಹುರಿದುಕೊಂಡು ಉಂಡ. ಕೈ ತೊಳೆದ. ಎರಡು ಹೊಡೆಯುತ್ತಲೇ ಬಿರಡೆ ತೆಗೆದು ಒಂದು ಗುಟುಕು ಬಾಯಿಗೆ ಹಾಕಿದ.

ತುಕ್ಕು ಹಿಡಿದ ಮೊಳೆ ನೆಕ್ಕಿದಂತಾಯಿತು.

ತಕ್ಷಣ ಅವನಿಗೆ ಒಲೆ ನೆನಪಾಯಿತು. ಬೇಸಿಗೆಯಲ್ಲಿ ಎರಡು ದಿನ ಆ ಬಾಟಲಿಯನ್ನು ಒಲೆಯ ಪಕ್ಕ ಮರೆತಿದ್ದ. ಯಾರಿಗೂ ಹೇಳಿರಲಿಲ್ಲ.

ಬಟ್ಟೆಬರೆಯನ್ನು ಚೀಲಕ್ಕೆ ತುರುಕಿದ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಬಾಟಲಿ ಹಿಡಿದು ನದಿಯ ಮೆಟ್ಟಿಲಿಗೆ ಬಂದ. ಫಾದರ್ ಅಲ್ಲಿ ಪ್ರಾರ್ಥನಾ ಪುಸ್ತಕ ಓದುತ್ತಿದ್ದರು.

"ಕೆಟ್ಟಿದೆ ಫಾದರ್. ತುಕ್ಕಿನ ರುಚಿ ಬರುತ್ತದೆ. ನಾನೇ ಕೆಡಿಸಿದ್ದು, ಒಲೆಯ ಪಕ್ಕ ಮರೆತಿದ್ದೆ, ನಿಮಗೆ ಹೇಳಲಿಲ್ಲ. ಮುಂದಿನ ದೋಣಿಗೆ ಹೊರಟುಹೋಗುತ್ತೇನೆ."

ಫಾದರ್ ತಲೆ ಎತ್ತಲಿಲ್ಲ. "ಚೀಲದಲ್ಲಿ ಏನು?"

"ಬಟ್ಟೆ."

"ಮಡಿಸಿ ಇಟ್ಟಿದ್ದೀಯಾ?"

"ಇಲ್ಲ ಫಾದರ್."

"ನಿನಗೆ ಎಲ್ಲದರಲ್ಲೂ ಅವಸರ. ಹೋಗು, ನೀರು ತಾ, ಬ್ರೆಡ್ ತಾ. ಹಂದಿಮಾಂಸದ ಒಂದು ತುಂಡು ತಾ. ಗ್ಲಾಸು ಒರೆಸಿದ್ದಿರಲಿ."

ತಂದ.

"ಬಾಯಿ ಚೆನ್ನಾಗಿ ಮುಕ್ಕಳಿಸು. ಬ್ರೆಡ್ ತಿನ್ನು. ಆಚೆ ದಡದ ದೋಣಿ ಈಚೆಗೆ ಬರುವವರೆಗೆ ಸುಮ್ಮನೆ ಕೂರು."

ದೋಣಿ ತನ್ನ ಪಾಡಿಗೆ ನಿಧಾನವಾಗಿ ಬಂತು. ಸೆವ್ರಿನ್ ಚೀಲ ಹಿಡಿದು ಎದ್ದ.

"ಕೂತುಕೋ. ಈಗ ಕುಡಿ."

ಕುಡಿದ. ಮುಖ ಕಿವುಚಿದ. "ಒಗರು, ಫಾದರ್. ಎಳೆ ಬಾಳೆಕಾಯಿ ಕಚ್ಚಿದ ಹಾಗೆ. ನಾಲಗೆ ಒಣಗುತ್ತದೆ."

"ತುಕ್ಕು?"

ಅವನು ನಾಲಗೆಯನ್ನು ಅಂಗುಳಿಗೆ ಒತ್ತಿ ಹುಡುಕಿದ. "ಇಲ್ಲ! ಎಲ್ಲಿ ಹೋಯಿತು?"

"ಮಾಂಸ ತಿನ್ನು. ಕೊಬ್ಬಿನ ಸಮೇತ. ಆಮೇಲೆ ಇನ್ನೊಂದು ಗುಟುಕು."

ಒಗರು ಕೊಬ್ಬಿನಲ್ಲಿ ಕರಗಿತು. ಅದರ ಹಿಂದೆಯೇ ಕಳಿತ ನೇರಳೆಹಣ್ಣಿನ ರುಚಿ ಬಂತು. ಬಾಯಲ್ಲಿದ್ದ ಜಿಡ್ಡನ್ನು ವೈನ್ ತೊಳೆದುಕೊಂಡು ಹೋಯಿತು. ನಾಲಗೆ ಇನ್ನೊಂದು ತುಂಡು ಬೇಡಿತು.

ಸೆವ್ರಿನ್ ದೊಡ್ಡದಾಗಿ ಉಸಿರು ಬಿಟ್ಟ. ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. "ಕೆಟ್ಟಿಲ್ಲ!"

"ಕೆಟ್ಟಿಲ್ಲ. ಎಷ್ಟು ಬಂಗುಡೆ ತಿಂದೆ?"

"ಎರಡು. ನಿಮಗೆ ಹೇಗೆ ಗೊತ್ತಾಯಿತು?"

"ಮೆಟ್ಟಿಲು ಇಳಿಯುವಾಗ ಅವು ನಿನಗಿಂತ ಮುಂದಿದ್ದವು."

ಸೆವ್ರಿನ್ ಬೆರಳು ಮೂಸಿ ನಾಚಿದ. "ಹಾಗಾದರೆ ತಪ್ಪು ಮೀನಿನದೋ, ವೈನಿನದೋ?"

"ಇಬ್ಬರೂ ಸಜ್ಜನರೇ. ಪಕ್ಕಪಕ್ಕ ಕೂರಿಸಿದವನು ನೀನು."

ದೋಣಿ ಅವನನ್ನು ಬಿಟ್ಟು ಹೊರಟುಹೋಯಿತು. ಅವನು ಅದರತ್ತ ನೋಡಲೂ ಇಲ್ಲ. ಆದರೂ ಒಂದು ಅಳುಕು ಮನಸ್ಸಿನಲ್ಲಿ ಉಳಿದಿತ್ತು.

"ಫಾದರ್, ನಿಜವಾಗಿಯೂ ಕೆಟ್ಟಿದ್ದರೆ? ನಿಮ್ಮ ಗುರುಗಳ ಮುಂದೆ ಏನು ಇಡುತ್ತಿದ್ದಿರಿ?"

ಫಾದರ್ ಲಿಗೋರಿ ಪುಸ್ತಕ ಮುಚ್ಚಿದರು.

"ನೀರು ಇಡುತ್ತಿದ್ದೆ. ವೈನ್ ಅವರದೇ, ಎಷ್ಟೋ ಸಲ ಕುಡಿದಿದ್ದಾರೆ. ನನ್ನ ಶಿಷ್ಯನನ್ನು ಅವರಿನ್ನೂ ನೋಡಿಲ್ಲ."